ನಿಧಾನದ ಎಲೆಕ್ಟ್ರಿಕ್ ಸ್ಕೂಟರನ್ನು ಫುಟ್‌ಪಾತ್ ಮೇಲೆ ಓಡಿಸಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಸಂಜೆ ಆರೂವರೆಯ ಹೊತ್ತು. ಬೆಂಗಳೂರಿನ ಯಾವುದಾದರೂ ಮುಖ್ಯರಸ್ತೆಯನ್ನು ನೆನಪಿಸಿಕೊಳ್ಳಿ. ಸಿಗ್ನಲ್ ತನಕ ವಾಹನಗಳು ಸಾಲುಗಟ್ಟಿವೆ. ಒಂದು ಸ್ಕೂಟರ್ ಮೆಲ್ಲಗೆ ಎಡಕ್ಕೆ ಸರಿದು, ಯಾರದೋ ಗೇಟಿನ ಮುಂದಿನ ಇಳಿಜಾರು ಹಿಡಿದು ಫುಟ್‌ಪಾತ್ ಹತ್ತುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಎದುರಿಗೆ ಬರುವವರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ. ಯಾರೂ ಜಗಳ ಆಡುವುದಿಲ್ಲ. ನಮಗೆಲ್ಲ ಇದು ಅಭ್ಯಾಸವಾಗಿಹೋಗಿದೆ.

ಆದರೆ ಎದುರಿಗೆ ಬರುತ್ತಿರುವವರು ಬಿಳಿ ಕೋಲು ಹಿಡಿದವರಾಗಿದ್ದರೆ? ವೀಲ್‌ಚೇರ್‌ನಲ್ಲಿ ಕೂತವರಾಗಿದ್ದರೆ? ಹಿಂದಿನಿಂದ ಬರುವ ಹಾರ್ನ್ ಕೇಳಿಸದವರಾಗಿದ್ದರೆ?

ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೆಚ್ಚಾದ ಮೇಲೆ ಕೆಲವು ಮಾತುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅಂಗಡಿ ಕಟ್ಟೆಗಳಲ್ಲೂ ಓಡಾಡುತ್ತಿವೆ. "ಇದಕ್ಕೆ ಲೈಸೆನ್ಸೇ ಬೇಡ, ಫುಟ್‌ಪಾತ್ ಮೇಲೂ ಓಡಿಸಬಹುದು." "25 ಕಿಲೋಮೀಟರ್ ವೇಗ, ಸೈಕಲ್ ಇದ್ದ ಹಾಗೆ." "ಸದ್ದಿಲ್ಲ, ಹೊಗೆಯಿಲ್ಲ, ಯಾರಿಗೂ ತೊಂದರೆಯಿಲ್ಲ." "ಹಾರ್ನ್ ಹೊಡೆದರೆ ಸರಿಯುತ್ತಾರೆ." ಇವುಗಳಲ್ಲಿ ನಿಜ ಎಷ್ಟು, ತಪ್ಪು ಎಷ್ಟು? ಒಂದೊಂದಾಗಿ ನೋಡೋಣ.

ಮೊದಲಿಗೆ: ಯಾವ ಸ್ಕೂಟರ್?

'ಎಲೆಕ್ಟ್ರಿಕ್ ಸ್ಕೂಟರ್' ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ವಾಹನಗಳನ್ನು ಕರೆಯುತ್ತೇವೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಒಂದು, ನಿಂತುಕೊಂಡು ಓಡಿಸುವ, ಮಕ್ಕಳ ಆಟಿಕೆಯಂತೆ ಕಾಣುವ ಸಣ್ಣ ಚಕ್ರದ ಸ್ಕೂಟರ್. ಪ್ಯಾರಿಸ್, ಲಂಡನ್, ಸಿಂಗಾಪುರದ ಸುದ್ದಿಗಳಲ್ಲಿ 'ಇ-ಸ್ಕೂಟರ್' ಎಂದರೆ ಸಾಮಾನ್ಯವಾಗಿ ಇದೇ.

ಎರಡು, ನಮ್ಮಲ್ಲಿ ಎಲ್ಲೆಡೆ ಕಾಣುವ, ಹಸಿರು ನಂಬರ್ ಪ್ಲೇಟಿನ, ಕೂತು ಓಡಿಸುವ ಸ್ಕೂಟರ್. ಪೆಟ್ರೋಲ್ ಸ್ಕೂಟರಿಗೆ ಇರುವ ಎಲ್ಲ ನಿಯಮಗಳೂ ಇದಕ್ಕಿವೆ. ನೋಂದಣಿ, ವಿಮೆ, ಲೈಸೆನ್ಸ್, ಹೆಲ್ಮೆಟ್ ಎಲ್ಲವೂ ಬೇಕು.

ಮೂರು, ನಂಬರ್ ಪ್ಲೇಟ್ ಇಲ್ಲದ 'ಲೋ ಸ್ಪೀಡ್' ಸ್ಕೂಟರ್. ಮನೆಗೆ ದಿನಸಿ, ಊಟ ತಂದುಕೊಡುವ ಹುಡುಗರಲ್ಲಿ ಹಲವರು ಓಡಿಸುವುದು ಇದನ್ನೇ. ಫಾರ್ವರ್ಡ್‌ಗಳು ಹೇಳುವುದು ಮುಖ್ಯವಾಗಿ ಈ ಮೂರನೆಯದರ ಬಗ್ಗೆ.

ಮಾತು 1: "ಲೈಸೆನ್ಸ್ ಬೇಡ, ಹಾಗಾಗಿ ಫುಟ್‌ಪಾತ್ ಮೇಲೂ ಓಡಿಸಬಹುದು"

ಮೊದಲ ಅರ್ಧ ನಿಜ, ಎರಡನೆಯ ಅರ್ಧ ತಪ್ಪು.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಬ್ಯಾಟರಿ ದ್ವಿಚಕ್ರ ವಾಹನವೊಂದರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಂತೆ ಇದ್ದರೆ ಅದನ್ನು 'ಮೋಟಾರು ವಾಹನ' ಎಂದು ಪರಿಗಣಿಸುವುದಿಲ್ಲ. ಬ್ರೇಕ್ ಮತ್ತು ಹಿಂದೆ ಮುಂದೆ ಬೆಳಕು ಪ್ರತಿಫಲಿಸುವ ಪಟ್ಟಿಗಳೂ ಇರಬೇಕು. ಈ ಎಲ್ಲ ಷರತ್ತುಗಳೂ ಒಟ್ಟಿಗೆ ಪಾಲನೆಯಾದರೆ ಮಾತ್ರ ವಿನಾಯಿತಿ. ಅಂಗಡಿಯಲ್ಲೋ ಗ್ಯಾರೇಜಿನಲ್ಲೋ 'ಲಾಕ್ ತೆಗೆಸಿ' 40ರಲ್ಲಿ ಓಡುವಂತೆ ಮಾಡಿದರೆ ಆ ಕ್ಷಣಕ್ಕೆ ವಿನಾಯಿತಿ ಹೋಯಿತು. ಆಗ ಅದು ನೋಂದಣಿಯಿಲ್ಲದೆ ಓಡುವ ಮೋಟಾರು ವಾಹನ.

ಈಗ ಎರಡನೆಯ ಅರ್ಧ. ಮೋಟಾರು ವಾಹನ ಅಲ್ಲ ಎಂದ ಮಾತ್ರಕ್ಕೆ ಅದು ನಡೆದು ಹೋಗುವ ಮನುಷ್ಯ ಆಗಿಬಿಡುವುದಿಲ್ಲ. ಎತ್ತಿನ ಗಾಡಿಗೂ ಲೈಸೆನ್ಸ್ ಬೇಡ. ಹಾಗೆಂದು ಅದನ್ನು ಯಾರೂ ಫುಟ್‌ಪಾತ್ ಮೇಲೆ ಹೊಡೆಯುವುದಿಲ್ಲ. ನೋಂದಣಿಯ ವಿನಾಯಿತಿ ಬೇರೆ, ಪಾದಚಾರಿಗಳ ಜಾಗದಲ್ಲಿ ಓಡಿಸುವ ಹಕ್ಕು ಬೇರೆ. ಮೊದಲನೆಯದು ಸಿಕ್ಕರೆ ಎರಡನೆಯದೂ ಸಿಕ್ಕಿತು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಕಾನೂನಿನ ಇನ್ನೊಂದು ಮುಖವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಸಾರ್ವಜನಿಕ ದಾರಿಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಓಡಿಸುವವರಿಗೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಅಲ್ಲಿರುವ ಪದ 'ಮೋಟಾರು ವಾಹನ' ಅಲ್ಲ, 'ಯಾವುದೇ ವಾಹನ'. ನಂಬರ್ ಪ್ಲೇಟ್ ಇಲ್ಲದ್ದೂ ಅದರೊಳಗೆ ಬರುತ್ತದೆ.

ಹಸಿರು ಪ್ಲೇಟಿನ ಸ್ಕೂಟರ್‌ಗಳ ವಿಷಯದಲ್ಲಂತೂ ಅನುಮಾನಕ್ಕೆ ಜಾಗವೇ ಇಲ್ಲ. ಫುಟ್‌ಪಾತ್ ಮೇಲೆ ಮೋಟಾರು ವಾಹನ ಓಡಿಸಬಾರದು ಎಂಬುದು ನಮ್ಮ ರಸ್ತೆ ನಿಯಮಗಳಲ್ಲಿ ದಶಕಗಳಿಂದ ಇದೆ. ಸಮವಸ್ತ್ರದಲ್ಲಿರುವ ಪೊಲೀಸರು ಹೇಳಿದರೆ ಮಾತ್ರ ಅದಕ್ಕೆ ವಿನಾಯಿತಿ.

ಹೆಲ್ಮೆಟ್ ಬಗ್ಗೆ ಒಂದು ಮಾತು. ಲೋ ಸ್ಪೀಡ್ ಸ್ಕೂಟರಿಗೆ ಅದು ಬೇಡ ಎಂದು ಫಾರ್ವರ್ಡ್ ಹೇಳಬಹುದು. ಆದರೆ ತಲೆ ನೆಲಕ್ಕೆ ಬಡಿಯುವಾಗ ಮೋಟಾರು ಎಷ್ಟು ವ್ಯಾಟ್‌ನದು ಎಂದು ಕೇಳುವುದಿಲ್ಲ.

ಮಾತು 2: "25 ಕಿಲೋಮೀಟರ್ ವೇಗದಲ್ಲಿ ಏನಾಗುತ್ತೆ?"

ರಸ್ತೆಯ ಮೇಲೆ 25 ನಿಧಾನವೇ. ಫುಟ್‌ಪಾತ್ ಮೇಲೆ ಅಲ್ಲ. ಲೆಕ್ಕ ಹಾಕಿ ನೋಡೋಣ, ಹೈಸ್ಕೂಲಿನ ಭೌತವಿಜ್ಞಾನ ಸಾಕು.

ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ನಾವು ನಡೆಯುವ ವೇಗ ಸೆಕೆಂಡಿಗೆ ಸುಮಾರು ಒಂದೂಕಾಲು ಮೀಟರ್. ಮುಂದೆ ಯಾರೋ ಬಂದರು ಎಂದು ಸವಾರ ಗಮನಿಸಿ, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ ಸ್ಕೂಟರ್ 10 ಮೀಟರ್ ಮುಂದೆ ಬಂದಾಯಿತು. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಇನ್ನೂ ಸುಮಾರು 6 ಮೀಟರ್. ಒಟ್ಟು 16 ಮೀಟರ್. ಇದು ಒಣಗಿದ, ಸಮತಟ್ಟಾದ ರಸ್ತೆಯ ಲೆಕ್ಕ. ಎದ್ದು ಕೂತ ಕಲ್ಲುಚಪ್ಪಡಿ, ಮಣ್ಣು, ಒದ್ದೆ ಎಲೆ ಇರುವ ಫುಟ್‌ಪಾತ್ ಮೇಲೆ ಇನ್ನೂ ಹೆಚ್ಚು ಬೇಕು. ಅದೇ ನಡಿಗೆಗೆ ಹತ್ತಿರವಾದ 6 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು ಬೇಕಾಗುವುದು ಸುಮಾರು 3 ಮೀಟರ್ ಮಾತ್ರ.

ಈಗ ಬಿಳಿ ಕೋಲಿನ ಲೆಕ್ಕ ಹಾಕಿ. ಕೋಲಿನ ತುದಿ ಹಿಡಿದವರಿಗಿಂತ ಸುಮಾರು ಒಂದು ಮೀಟರ್ ಮುಂದಿರುತ್ತದೆ. ಅಂದರೆ ಕೋಲು ಅವರಿಗೆ ಕೊಡುವುದು ಮುಂದಿನ ಒಂದೆರಡು ಹೆಜ್ಜೆಯ ಸುದ್ದಿ. ನಿಂತ ಕಂಬ, ಗುಂಡಿ, ಮೆಟ್ಟಿಲು ಇವನ್ನು ತಿಳಿಯಲು ಅಷ್ಟು ಸಾಕು. ಸೆಕೆಂಡಿಗೆ 7 ಮೀಟರ್ ಬರುವ ಸ್ಕೂಟರಿನ ಸುದ್ದಿ ಕೋಲಿಗೆ ತಲುಪುವ ಹೊತ್ತಿಗೆ ಸ್ಕೂಟರೇ ತಲುಪಿರುತ್ತದೆ.

ಪೆಟ್ಟಿನ ಲೆಕ್ಕವೂ ಇದೆ. ಸ್ಕೂಟರ್ 80 ಕೆ.ಜಿ., ಸವಾರ 70 ಕೆ.ಜಿ. ಎಂದಿಟ್ಟುಕೊಳ್ಳಿ. 25ರ ವೇಗದಲ್ಲಿ ಈ ಜೋಡಿಯಲ್ಲಿರುವ ಚಲನಶಕ್ತಿ, ನಡೆದು ಬರುವ 70 ಕೆ.ಜಿ. ಮನುಷ್ಯನಲ್ಲಿರುವುದಕ್ಕಿಂತ ಸುಮಾರು 65 ಪಟ್ಟು. ಇನ್ನೊಂದು ರೀತಿ ಹೇಳುವುದಾದರೆ, ಎಂಟಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತದೋ ಅದೇ ಈ 25 ಕಿಲೋಮೀಟರ್ ವೇಗ. ಮೂಳೆ ಸವೆದ ಅಜ್ಜಿಗೆ ಸೊಂಟ ಮುರಿಯಲು ಅಷ್ಟೆಲ್ಲ ಬೇಕಾಗಿಯೇ ಇಲ್ಲ. ಹ್ಯಾಂಡಲ್ ತಾಗಿ ಆಯ ತಪ್ಪಿದರೂ ಸಾಕು.

ಮಾತು 3: "ಸದ್ದಿಲ್ಲದಿರುವುದು ಒಳ್ಳೆಯದೇ ಅಲ್ಲವೇ?"

ಊರಿಗೆ ಒಳ್ಳೆಯದೇ. ಹೊಗೆ, ಗದ್ದಲ ಎರಡೂ ಕಡಿಮೆಯಾಗುತ್ತವೆ. ನಾವು ಎಲೆಕ್ಟ್ರಿಕ್ ವಾಹನಗಳ ವಿರುದ್ಧ ಇಲ್ಲಿ ವಾದ ಮಾಡುತ್ತಿಲ್ಲ. ಆದರೆ ಕಣ್ಣು ಕಾಣದವರು ದಾರಿಯನ್ನು ಹೇಗೆ 'ಓದುತ್ತಾರೆ' ಎಂದು ತಿಳಿದರೆ ಸಮಸ್ಯೆ ಅರ್ಥವಾಗುತ್ತದೆ.

ಅವರಿಗೆ ರಸ್ತೆಯ ಸದ್ದೇ ಒಂದು ಗೆರೆ. ವಾಹನಗಳ ಸದ್ದು ಬಲಗಡೆ ಒಂದೇ ದೂರದಲ್ಲಿದ್ದರೆ ತಾನು ನೇರವಾಗಿ ನಡೆಯುತ್ತಿದ್ದೇನೆ ಎಂದು ಅರ್ಥ. ಸದ್ದು ಮುಂದಿನಿಂದ ಅಡ್ಡಕ್ಕೆ ಹಾಯತೊಡಗಿದರೆ ಅಡ್ಡರಸ್ತೆ ಬಂತು ಎಂದು ಲೆಕ್ಕ. ಎಡಗಡೆಯ ಗೋಡೆ ಮುಗಿದರೆ ಕೋಲಿನ ಟಕ್ ಟಕ್ ಸದ್ದೇ ಬೇರೆಯಾಗುತ್ತದೆ. ಇಂಥ ಹತ್ತಾರು ಸಣ್ಣ ಸುಳಿವುಗಳನ್ನು ಜೋಡಿಸಿಕೊಂಡು ಅವರು ಕಚೇರಿಗೆ, ಕಾಲೇಜಿಗೆ, ಬಸ್ ಸ್ಟಾಪಿಗೆ ಒಬ್ಬರೇ ಹೋಗಿಬರುತ್ತಾರೆ. ಈ ಲೆಕ್ಕಾಚಾರದಲ್ಲಿ ಫುಟ್‌ಪಾತ್ ಎಂದರೆ 'ವಾಹನ ಇರದ ಜಾಗ'.

ಯಾವುದೇ ವಾಹನದ ಸದ್ದು ಎರಡು ಕಡೆಯಿಂದ ಬರುತ್ತದೆ. ಒಂದು ಎಂಜಿನ್ನಿನಿಂದ, ಇನ್ನೊಂದು ಟಯರ್ ನೆಲಕ್ಕೆ ಉಜ್ಜುವುದರಿಂದ. ವೇಗ ಹೆಚ್ಚಿದಾಗ ಟಯರಿನ ಸದ್ದೇ ಮುಂದಾಗುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಎಲೆಕ್ಟ್ರಿಕ್ ಕಾರಿಗೂ ಪೆಟ್ರೋಲ್ ಕಾರಿಗೂ ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ನಿಧಾನವಾಗಿ ಹೋಗುವಾಗ ಟಯರಿನ ಸದ್ದು ಕಡಿಮೆ, ಎಂಜಿನ್ ಅಂತೂ ಇಲ್ಲವೇ ಇಲ್ಲ. ಫುಟ್‌ಪಾತ್ ಮೇಲೆ ಸ್ಕೂಟರ್ ಓಡುವುದು ಇದೇ ಸದ್ದಿಲ್ಲದ ವೇಗದಲ್ಲಿ. ಪಕ್ಕದಲ್ಲಿ ಬಸ್ಸು, ಆಟೋ ಗರ್ಜಿಸುತ್ತಿದ್ದರೆ ಇರುವ ಒಂಚೂರು ಸದ್ದೂ ಅದರಲ್ಲಿ ಮುಳುಗಿಹೋಗುತ್ತದೆ.

ಈ ಕಾರಣಕ್ಕೇ ಹಲವು ದೇಶಗಳು ಎಲೆಕ್ಟ್ರಿಕ್ ಕಾರುಗಳಿಗೆ ನಿಧಾನ ವೇಗದಲ್ಲಿ ಕೃತಕ ಸದ್ದು ಮಾಡುವ ಸಾಧನವನ್ನು ಕಡ್ಡಾಯ ಮಾಡಿವೆ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಗಳಿಗೆ, 2021ರ ಜುಲೈಯಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೆ ಇದು ಬೇಕೇ ಬೇಕು. 20 ಕಿ.ಮೀ. ವೇಗದವರೆಗೆ ಮತ್ತು ಹಿಂದಕ್ಕೆ ಹೋಗುವಾಗ ಅದು ಸದ್ದು ಮಾಡಬೇಕು. ಭಾರತದಲ್ಲೂ ರಸ್ತೆ ಸಾರಿಗೆ ಸಚಿವಾಲಯ 2025ರಲ್ಲಿ ಇಂಥದೇ ಕರಡು ನಿಯಮ ಪ್ರಕಟಿಸಿತು. ಗಮನಿಸಬೇಕಾದ್ದು ಏನೆಂದರೆ, ಇವೆಲ್ಲ ಕಾರು, ಬಸ್ಸು, ಲಾರಿಗಳಿಗೆ ಸಂಬಂಧಿಸಿದವು. ಫುಟ್‌ಪಾತ್ ಹತ್ತುವ ದ್ವಿಚಕ್ರ ವಾಹನ ಇದರಲ್ಲಿ ಬರುವುದಿಲ್ಲ.

ಬ್ರಿಟನ್ನಿನ 2013ರಿಂದ 2017ರವರೆಗಿನ ಅಪಘಾತಗಳ ಲೆಕ್ಕ ಹಿಡಿದು ಮಾಡಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಓಡಿದ ದೂರಕ್ಕೆ ಹೋಲಿಸಿದರೆ, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳು ಪಾದಚಾರಿಗಳಿಗೆ ಡಿಕ್ಕಿ ಹೊಡೆದ ಪ್ರಮಾಣ ಪೆಟ್ರೋಲ್, ಡೀಸೆಲ್ ಕಾರುಗಳ ಸುಮಾರು ಎರಡು ಪಟ್ಟು ಇತ್ತು. ಇದನ್ನು ಓದಿ "ಎಲೆಕ್ಟ್ರಿಕ್ ವಾಹನ ಎಂದರೆ ಯಮ" ಎಂದು ಹೊಸ ಫಾರ್ವರ್ಡ್ ಶುರು ಮಾಡಬೇಡಿ. ಅದು ಕಾರುಗಳ ಅಧ್ಯಯನ, ಸ್ಕೂಟರಿನದಲ್ಲ. ಕೃತಕ ಸದ್ದು ಕಡ್ಡಾಯವಾಗುವುದಕ್ಕೆ ಮುಂಚಿನದು. ಜೊತೆಗೆ ಇಂಥ ಕಾರುಗಳು ಹೆಚ್ಚಾಗಿ ಓಡುವುದು ನಗರದೊಳಗೆ, ಅಲ್ಲಿ ಪಾದಚಾರಿಗಳೂ ಹೆಚ್ಚು. ಸದ್ದಿನ ಕೊರತೆ ಒಂದು ಕಾರಣವಿರಬಹುದು ಎಂಬಷ್ಟನ್ನು ಮಾತ್ರ ಅದರಿಂದ ತೆಗೆದುಕೊಳ್ಳೋಣ.

ಮಾತು 4: "ಹಾರ್ನ್ ಹೊಡೆದರೆ ಸರಿಯುತ್ತಾರೆ"

ಈ ಮಾತಿನಲ್ಲಿ ಎರಡು ಊಹೆಗಳಿವೆ. ಎದುರಿಗಿರುವವರಿಗೆ ಹಾರ್ನ್ ಕೇಳಿಸುತ್ತದೆ ಎಂಬುದು ಒಂದು. ಕೇಳಿಸಿದರೆ ತಟ್ಟನೆ ಸರಿಯಬಲ್ಲರು ಎಂಬುದು ಇನ್ನೊಂದು. ಎರಡೂ ಎಲ್ಲರ ವಿಷಯದಲ್ಲಿ ನಿಜವಲ್ಲ.

ಕಿವುಡರಿಗೆ ಹಾರ್ನ್ ಇಲ್ಲ. ನೋಡಿದರೆ ಅವರು ಕಿವುಡರೆಂದು ಗೊತ್ತೂ ಆಗುವುದಿಲ್ಲ. "ಎಷ್ಟು ಹೊಡೆದರೂ ಸರಿಯಲ್ಲ, ಏನು ಅಹಂಕಾರ" ಎಂದು ಬೈದು ಪಕ್ಕದಲ್ಲಿ ನುಗ್ಗುವವರಿಗೆ ತಾವು ಯಾರನ್ನು ಬೈದೆವು ಎಂದೇ ತಿಳಿದಿರುವುದಿಲ್ಲ.

ಕಣ್ಣು ಕಾಣದವರಿಗೆ ಹಾರ್ನ್ ಕೇಳಿಸುತ್ತದೆ. ಆದರೆ ಎಡಕ್ಕೆ ಸರಿಯಬೇಕೇ ಬಲಕ್ಕೇ? ಎಡಗಡೆ ತೆರೆದ ಚರಂಡಿ ಇದ್ದರೆ? ಕಣ್ಣಿರುವವರು ಅರೆಕ್ಷಣದಲ್ಲಿ ನೋಡಿ ತೀರ್ಮಾನಿಸುವುದನ್ನು ಅವರು ನಿಂತು, ಕೋಲಾಡಿಸಿ ತಿಳಿಯಬೇಕು. ಗಾಬರಿಯಲ್ಲಿ ಎರಡು ಹೆಜ್ಜೆ ಪಕ್ಕಕ್ಕಿಟ್ಟರೆ ಅವರು ಹಿಡಿದುಕೊಂಡು ಬಂದ ದಿಕ್ಕೇ ತಪ್ಪುತ್ತದೆ. ಮತ್ತೆ ಸರಿಯಾದ ಗೆರೆ ಹಿಡಿಯಲು ಯಾರನ್ನಾದರೂ ಕೇಳಬೇಕು. ಎಲ್ಲ ಅಂಧರ ಕೈಯಲ್ಲೂ ಬಿಳಿ ಕೋಲು ಇರುತ್ತದೆ ಎಂದೂ ಇಲ್ಲ. ಮಸುಕಾಗಿ ಕಾಣುವವರು, ಅಂಚಿನಲ್ಲಿ ಮಾತ್ರ ಕಾಣುವವರು, ಸಂಜೆಯಾದರೆ ಕಾಣದವರು ನಮ್ಮ ನಿಮ್ಮಂತೆಯೇ ನಡೆದು ಬರುತ್ತಿರುತ್ತಾರೆ.

ವೀಲ್‌ಚೇರ್ ಪಕ್ಕಕ್ಕೆ ಜಿಗಿಯುವುದಿಲ್ಲ. ಹಿಂದೆ ಹೋಗಿ, ತಿರುಗಿ, ಮತ್ತೆ ಮುಂದೆ ಬರಬೇಕು. ವಾಕರ್ ಹಿಡಿದ ಹಿರಿಯರು, ಊರುಗೋಲಿನವರು, ಪಾರ್ಶ್ವವಾಯುವಿನಿಂದ ಒಂದು ಪಕ್ಕ ಸ್ವಾಧೀನವಿಲ್ಲದವರಿಗೂ ಅಷ್ಟೇ. ಆಟಿಸಂ ಇರುವ ಮಗುವಿಗೆ ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಮೊಳಗುವ ಹಾರ್ನ್ ಸಹಿಸಲಾಗದ ಸದ್ದು. ಅದು ರಸ್ತೆಯ ಕಡೆಗೇ ಓಡಿಬಿಡಬಹುದು.

2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು. 2016ರ ಕಾಯ್ದೆ ಗುರುತಿಸುವುದು 21 ಬಗೆಗಳನ್ನು. ಇವರನ್ನು ನಾವು ರಸ್ತೆಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ ಎಂದರೆ ಅವರು ಇಲ್ಲ ಎಂದಲ್ಲ. ಹೊರಗೆ ಬರಲು ಹೆದರಿಕೆ ಎಂದೂ ಆಗಿರಬಹುದು.

ನಿಂತ ಸ್ಕೂಟರ್ ಕೂಡ ಅಪಾಯವೇ

ಓಡುವ ಸ್ಕೂಟರಿನ ಬಗ್ಗೆ ಮಾತಾಡುತ್ತ ನಿಂತದ್ದನ್ನು ಮರೆಯುವುದು ಸುಲಭ. ಬಿಳಿ ಕೋಲು ನೆಲದ ಮಟ್ಟದಲ್ಲಿರುವುದನ್ನು ಪತ್ತೆ ಹಚ್ಚುತ್ತದೆ. ಅಡ್ಡಲಾಗಿ ನಿಲ್ಲಿಸಿದ ಸ್ಕೂಟರಿನ ಎರಡು ಚಕ್ರಗಳ ನಡುವೆ ಕೋಲು ನುಸುಳಿದರೆ ದಾರಿ ಖಾಲಿ ಎಂಬ ಸುಳ್ಳು ಸುದ್ದಿ ಸಿಗುತ್ತದೆ. ಮುಂದಿನ ಹೆಜ್ಜೆಗೆ ಹ್ಯಾಂಡಲ್ಲೋ ಕನ್ನಡಿಯೋ ಎದೆಗೆ, ಮುಖಕ್ಕೆ ಬಡಿಯುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್‌ಗಳ ಜೊತೆ ಬಂದ ಇನ್ನೊಂದು ಹೊಸ ಅಡ್ಡಿ ಚಾರ್ಜಿಂಗ್ ವೈರು. ಮನೆಯ ಕಿಟಕಿಯಿಂದ ಅಥವಾ ಅಂಗಡಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು, ಫುಟ್‌ಪಾತ್ ದಾಟಿಸಿ, ರಸ್ತೆ ಬದಿಯ ಸ್ಕೂಟರಿಗೆ ಚುಚ್ಚಿರುತ್ತಾರೆ. ಮೊಣಕಾಲೆತ್ತರದಲ್ಲಿ ತೂಗುವ ಆ ವೈರು ಕೋಲಿಗೆ ಸಿಗದೇ ಹೋಗಬಹುದು. ವಾಕರಿನ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದರ ಜೋಡಣೆ ನೀರಿನಲ್ಲಿದ್ದರೆ ಅಪಾಯ ಎಲ್ಲರಿಗೂ.

ಹಳದಿ ಬಣ್ಣದ ಉಬ್ಬು ಟೈಲುಗಳನ್ನು ಮೆಟ್ರೋ ನಿಲ್ದಾಣಗಳಲ್ಲಿ, ಕೆಲವು ಹೊಸ ಫುಟ್‌ಪಾತ್‌ಗಳಲ್ಲಿ ನೀವು ನೋಡಿರುತ್ತೀರಿ. ಅದು ಅಲಂಕಾರವಲ್ಲ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಇವನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿ ಮೊದಲ ಬಾರಿಗೆ ಹಾಕಲಾಯಿತು. ಉದ್ದ ಗೆರೆಗಳಿದ್ದರೆ 'ಇದೇ ದಾರಿ, ಮುಂದೆ ಹೋಗಿ'. ಗುಂಡು ಚುಕ್ಕಿಗಳಿದ್ದರೆ 'ನಿಲ್ಲಿ, ಮುಂದೆ ರಸ್ತೆಯೋ ಮೆಟ್ಟಿಲೋ ಇದೆ'. ಕಾಲಿನಿಂದ, ಕೋಲಿನಿಂದ ಓದುವ ಅಕ್ಷರಗಳಿವು. ಇದರ ಮೇಲೆ ಸ್ಕೂಟರ್ ನಿಲ್ಲಿಸುವುದೆಂದರೆ ಪುಸ್ತಕದ ಹಾಳೆ ಹರಿದಂತೆ. ದಾರಿ ಇದೆ ಎಂದು ನಂಬಿಸಿ ಕರೆದುಕೊಂಡು ಬಂದು ಅಡ್ಡ ನಿಂತರೆ, ಟೈಲು ಇಲ್ಲದಿದ್ದುದಕ್ಕಿಂತ ಹೆಚ್ಚು ಅಪಾಯ.

ಮಾತು 5: "ಫುಟ್‌ಪಾತ್‌ಗೆ ಕಂಬ ನೆಟ್ಟರೆ ಆಯಿತಲ್ಲ?"

ಕೇಳಲು ಸರಳ ಪರಿಹಾರ. ಹಲವು ಕಡೆ ನೆಟ್ಟಿದ್ದಾರೆ ಕೂಡ. ಇಲ್ಲೊಂದು ತೊಡಕಿದೆ. ವೀಲ್‌ಚೇರಿನ ಅಗಲ ಸುಮಾರು 65ರಿಂದ 70 ಸೆಂ.ಮೀ. ಸ್ಕೂಟರಿನ ಹ್ಯಾಂಡಲ್ ಅಗಲವೂ ಹೆಚ್ಚುಕಮ್ಮಿ ಅಷ್ಟೇ! ಸ್ಕೂಟರ್ ನುಗ್ಗದಷ್ಟು ಹತ್ತಿರಕ್ಕೆ ಕಂಬ ನೆಟ್ಟರೆ ವೀಲ್‌ಚೇರೂ ನುಗ್ಗುವುದಿಲ್ಲ. ವೀಲ್‌ಚೇರಿಗೆ ಬೇಕಾದ 90 ಸೆಂ.ಮೀ.ಗಿಂತ ಹೆಚ್ಚು ಅಗಲ ಬಿಟ್ಟರೆ ಸ್ಕೂಟರೂ ಆರಾಮಾಗಿ ಹೋಗುತ್ತದೆ.

ಅಂದರೆ ಸವಾರರು ಮಾಡುವ ತಪ್ಪಿಗೆ ಕಂಬ ನೆಡುತ್ತೇವೆ, ಆ ಕಂಬದಿಂದ ಫುಟ್‌ಪಾತ್ ಹತ್ತಲಾಗದೆ ರಸ್ತೆಗಿಳಿಯುವವರು ವೀಲ್‌ಚೇರಿನವರು. ಎರಡು ಕಂಬಗಳ ನಡುವೆ ಸರಪಳಿ ಕಟ್ಟಿದರೆ ಅದು ಅಂಧರಿಗೆ ಇನ್ನೊಂದು ಬಲೆ. ಕಂಬ ಬೇಡವೆಂದಲ್ಲ. ಕಂಬವೊಂದೇ ಸಾಕಾಗುವುದಿಲ್ಲ. ಗೇಟುಗಳ ಮುಂದೆ ಸ್ಕೂಟರ್ ಹತ್ತಲು ಅನುಕೂಲವಾಗುವಂತೆ ಫುಟ್‌ಪಾತನ್ನೇ ಇಳಿಸುವ ಬದಲು ಒಂದೇ ಮಟ್ಟದಲ್ಲಿ ಮುಂದುವರಿಸುವುದು, ಕ್ಯಾಮೆರಾ, ದಂಡ, ಎಲ್ಲಕ್ಕಿಂತ ಹೆಚ್ಚಾಗಿ 'ಇದು ನನ್ನ ದಾರಿಯಲ್ಲ' ಎಂಬ ತಿಳಿವಳಿಕೆ ಇವೆಲ್ಲ ಸೇರಿದರೆ ಮಾತ್ರ ಕೆಲಸವಾಗುತ್ತದೆ.

ಬ್ಯಾಟರಿ ವೀಲ್‌ಚೇರಿಗೆ ಮಾತ್ರ ಯಾಕೆ ಅವಕಾಶ?

ಇದೂ ಕೆಲವರು ಕೇಳುವ ಪ್ರಶ್ನೆ. ಬ್ಯಾಟರಿ ವೀಲ್‌ಚೇರ್ ಕಾಲಿಗೆ ಬದಲಿ, ವಾಹನಕ್ಕೆ ಬದಲಿಯಲ್ಲ. ಅದರ ವೇಗ ಸಾಮಾನ್ಯವಾಗಿ ನಡಿಗೆಯಷ್ಟೇ. ಬ್ರಿಟನ್ನಿನಲ್ಲಿ ಇಂಥ ಗಾಡಿಗಳು ಫುಟ್‌ಪಾತ್ ಮೇಲೆ ಗಂಟೆಗೆ 4 ಮೈಲಿ, ಅಂದರೆ ಸುಮಾರು 6.4 ಕಿ.ಮೀ. ಮೀರಬಾರದು ಎಂಬ ನಿಯಮವಿದೆ. ಪಕ್ಕಕ್ಕೆ ಎರಡು ಹೆಚ್ಚುವರಿ ಚಕ್ರ ಹಾಕಿಸಿದ ಸ್ಕೂಟರ್ ಓಡಿಸುವ ವಿಕಲಚೇತನರು ಬೇರೆ. ಅವರು ರಸ್ತೆಯ ಸವಾರರು, ರಸ್ತೆಯಲ್ಲೇ ಹೋಗುತ್ತಾರೆ. ಇಳಿದು ವೀಲ್‌ಚೇರ್ ಹತ್ತಿದ ಮೇಲೆ ಫುಟ್‌ಪಾತ್ ಬೇಕಾಗುವುದು ಅವರಿಗೂ.

ಬೇರೆ ದೇಶಗಳು ಏನು ಮಾಡಿದವು?

"ವಿದೇಶದಲ್ಲೆಲ್ಲ ಫುಟ್‌ಪಾತ್ ಮೇಲೇ ಓಡಿಸ್ತಾರೆ" ಎಂಬ ಮಾತೂ ಇದೆ. ನೋಡೋಣ.

ಸಿಂಗಾಪುರ: ಮೊದಲು ಫುಟ್‌ಪಾತ್ ಮೇಲೆ ನಿಧಾನವಾಗಿ ಓಡಿಸಲು ಬಿಟ್ಟಿತ್ತು. ಅಪಘಾತಗಳು ಹೆಚ್ಚಿದ ಮೇಲೆ 2019ರ ನವೆಂಬರ್ 5ರಿಂದ ನಿಷೇಧಿಸಿತು. ತಪ್ಪಿದರೆ 2,000 ಸಿಂಗಾಪುರ ಡಾಲರ್‌ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು.

ಜರ್ಮನಿ: 2019ರಲ್ಲಿ ಇ-ಸ್ಕೂಟರಿಗೆ ಅನುಮತಿ ಕೊಟ್ಟಾಗಲೇ ಫುಟ್‌ಪಾತ್ ಹೊರಗಿಟ್ಟಿತು. ಗರಿಷ್ಠ ವೇಗ 20 ಕಿ.ಮೀ., ಓಡಿಸಬೇಕಾದ್ದು ಸೈಕಲ್ ಪಥದಲ್ಲಿ ಅಥವಾ ರಸ್ತೆಯಲ್ಲಿ.

ಸ್ವೀಡನ್: 2022ರ ಸೆಪ್ಟೆಂಬರ್‌ನಿಂದ ಫುಟ್‌ಪಾತ್ ಮೇಲೆ ಓಡಿಸುವುದಷ್ಟೇ ಅಲ್ಲ, ಎಲ್ಲೆಂದರಲ್ಲಿ ನಿಲ್ಲಿಸುವುದನ್ನೂ ತಡೆಯಿತು.

ಪ್ಯಾರಿಸ್: 2023ರ ಏಪ್ರಿಲ್ 2ರಂದು ಬಾಡಿಗೆ ಸ್ಕೂಟರ್‌ಗಳ ಬಗ್ಗೆ ಜನರ ಮತ ಕೇಳಿತು. ಮತ ಹಾಕಿದವರಲ್ಲಿ ಸುಮಾರು 89 ಪ್ರತಿಶತ ಜನ ಬೇಡ ಎಂದರು. ಮತ ಹಾಕಿದವರು ಮಾತ್ರ ಶೇ. 8ಕ್ಕಿಂತ ಕಡಿಮೆ ಎಂಬುದನ್ನೂ ಹೇಳಬೇಕು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಬಾಡಿಗೆ ಸ್ಕೂಟರ್‌ಗಳು ರಸ್ತೆಯಿಂದ ಹೋದವು.

ಬ್ರಿಟನ್: ಬಾಡಿಗೆ ಸ್ಕೂಟರ್‌ಗಳ ಪ್ರಯೋಗ 2020ರಲ್ಲಿ ಶುರುವಾಯಿತು. ಅವಕ್ಕೂ ಫುಟ್‌ಪಾತ್ ನಿಷಿದ್ಧ.

ಈ ಐದೂ ದೇಶಗಳು ಬಂದು ನಿಂತದ್ದು ಒಂದೇ ಕಡೆ. ಸ್ಕೂಟರ್ ಬೇಕೋ ಬೇಡವೋ ಎಂಬಲ್ಲಿ ಭಿನ್ನಾಭಿಪ್ರಾಯ ಇರಬಹುದು, ಫುಟ್‌ಪಾತ್ ನಡೆಯುವವರದು ಎಂಬಲ್ಲಿ ಇಲ್ಲ.

ನಮ್ಮ ನ್ಯಾಯಾಲಯ, ನಮ್ಮ ನಿಯಮ

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸರ್ಕಾರದ ವರದಿ. ಅವರಲ್ಲಿ 32,825 ಜನ ಪಾದಚಾರಿಗಳು. ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು. ಇವರೆಲ್ಲ ಸ್ಕೂಟರಿನಿಂದ ಸತ್ತವರಲ್ಲ, ಫುಟ್‌ಪಾತ್ ಮೇಲೆ ಸತ್ತವರೂ ಅಲ್ಲ. ಆದರೆ ಫುಟ್‌ಪಾತ್ ಸ್ಕೂಟರ್‌ಗಳ ಪಾಲಾದಾಗ ನಡೆಯುವವರು ಇಳಿಯುವುದು ಲಾರಿ ಬಸ್ಸುಗಳು ಓಡುವ ಇದೇ ರಸ್ತೆಗೆ.

2025ರ ಮೇ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಬಳಸಲು ಯೋಗ್ಯವಾದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಫುಟ್‌ಪಾತ್‌ಗಳು ವಿಕಲಚೇತನರಿಗೂ ಬಳಸಲು ಬರುವಂತಿರಬೇಕು ಎಂದೂ ಸೂಚಿಸಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಎದುರುಬದುರಾದ ಎರಡು ವೀಲ್‌ಚೇರ್‌ಗಳು ದಾಟಿಹೋಗಲು ಅಷ್ಟು ಬೇಕು. ಒಂದು ಸ್ಕೂಟರ್ ಅಡ್ಡ ನಿಂತರೆ ಆ ಜಾಗ ಪೂರ್ತಿ ಮುಗಿಯಿತು.

ಹಾಗಾದರೆ ತಪ್ಪೆಲ್ಲ ಸವಾರನದೇ?

ಅಲ್ಲ. ಹತ್ತು ನಿಮಿಷದಲ್ಲಿ ಸಾಮಾನು ಬೇಕು ಎಂದು ಆರ್ಡರ್ ಮಾಡಿ, ತಡವಾದರೆ ರೇಟಿಂಗ್ ಕಡಿಮೆ ಕೊಡುವವರು ನಾವೇ. ಒಂದು ಕಿಲೋಮೀಟರ್ ಆಚೆಗೆ ಯೂ-ಟರ್ನ್ ಇಟ್ಟು, ಸಣ್ಣ ಗಾಡಿಗೆ ಪ್ರತ್ಯೇಕ ಪಥ ಕೊಡದ ರಸ್ತೆ ಮಾಡಿದವರೂ ಇದ್ದಾರೆ. ಲಾರಿ ಬಸ್ಸುಗಳ ನಡುವೆ 25ರ ವೇಗದ ಸ್ಕೂಟರ್ ಓಡಿಸುವವನಿಗೂ ಜೀವಭಯ ಇರುತ್ತದೆ. ಅವನಿಗೆ ಸುರಕ್ಷಿತ ಪಥ ಬೇಕು ಎಂಬುದು ನ್ಯಾಯವಾದ ಬೇಡಿಕೆ. ಆದರೆ ತನಗಿಂತ ದುರ್ಬಲರಿಂದ ಕಿತ್ತುಕೊಂಡ ದಾರಿ ಅದಕ್ಕೆ ಉತ್ತರವಲ್ಲ.

ನಾವು ಏನು ಮಾಡಬಹುದು?

ಸವಾರರಾಗಿದ್ದರೆ: ಫುಟ್‌ಪಾತ್ ದಾಟಿಯೇ ಮನೆ ಅಥವಾ ಅಂಗಡಿಗೆ ಹೋಗಬೇಕಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಹಳದಿ ಟೈಲು, ಇಳಿಜಾರು ರ‍್ಯಾಂಪ್ ಇವುಗಳ ಮೇಲೆ ಒಂದು ನಿಮಿಷಕ್ಕೂ ನಿಲ್ಲಿಸಬೇಡಿ. ಬಿಳಿ ಕೋಲು ಕಂಡರೆ ಹಾರ್ನ್ ಬೇಡ, ನಿಂತುಬಿಡಿ. ಅವರು ದಾಟಿದ ಮೇಲೆ ಹೊರಡಿ.

ಮನೆ, ಅಂಗಡಿಯವರಾಗಿದ್ದರೆ: ಚಾರ್ಜಿಂಗ್ ವೈರನ್ನು ಫುಟ್‌ಪಾತ್‌ಗೆ ಅಡ್ಡ ಎಳೆಯಬೇಡಿ. ಬ್ಯಾಟರಿ ತೆಗೆಯಲು ಬರುವ ಸ್ಕೂಟರ್ ಆಗಿದ್ದರೆ ಒಳಗೆ ತಂದು ಚಾರ್ಜ್ ಮಾಡಿ. ಗಿರಾಕಿಗಳಿಗೆ ಗಾಡಿ ಎಲ್ಲಿ ನಿಲ್ಲಿಸಬೇಕೆಂದು ಹೇಳಿ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿವರೆಗೆ ದಂಡವಿದೆ.

ಆರ್ಡರ್ ಮಾಡುವವರಾಗಿದ್ದರೆ: ಐದು ನಿಮಿಷ ತಡವಾಗಿದ್ದಕ್ಕೆ ಜಗಳ ಬೇಡ.

ನಡೆಯುವವರಾಗಿದ್ದರೆ: ಅಂಧರೊಬ್ಬರು ತೊಡಕಿನಲ್ಲಿದ್ದಾರೆ ಅನಿಸಿದರೆ ಕೈಯನ್ನೋ ಕೋಲನ್ನೋ ಹಿಡಿದು ಎಳೆಯಬೇಡಿ. "ಸಹಾಯ ಬೇಕಾ?" ಎಂದು ಮೊದಲು ಕೇಳಿ. ಬೇಕು ಎಂದರೆ ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಬೇಡ ಎಂದರೆ ಬೇಸರಿಸಬೇಡಿ.

ದೂರು ಕೊಡುವುದಾದರೆ: ತುರ್ತು ಸಂದರ್ಭದಲ್ಲಿ 112. ಫುಟ್‌ಪಾತ್ ಸವಾರಿ, ಅಡ್ಡ ನಿಲುಗಡೆಗೆ ನಿಮ್ಮ ಊರಿನ ಸಂಚಾರ ಪೊಲೀಸರು. ರ‍್ಯಾಂಪ್ ಇಲ್ಲ, ಫುಟ್‌ಪಾತ್ ಬಳಸಲಾಗುತ್ತಿಲ್ಲ ಎಂಬಂಥ ದೂರುಗಳನ್ನು ಪಾಲಿಕೆಗೂ, 2016ರ ಕಾಯ್ದೆಯಡಿ ಇರುವ ವಿಕಲಚೇತನರ ರಾಜ್ಯ ಆಯುಕ್ತರಿಗೂ ಕೊಡಬಹುದು. ಫೋಟೋ ತೆಗೆಯುವಾಗ ಗಾಡಿ ಮತ್ತು ಜಾಗ ಕಾಣಲಿ. ತೊಂದರೆಗೊಳಗಾದ ವಿಕಲಚೇತನರ ಮುಖವನ್ನು ಅವರನ್ನು ಕೇಳದೆ ಗುಂಪುಗಳಿಗೆ ಹಾಕಬೇಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

• ಲೋ ಸ್ಪೀಡ್ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್, ನೋಂದಣಿ ಬೇಡ: ನಿಜ, 250 ವ್ಯಾಟ್, 25 ಕಿ.ಮೀ., 60 ಕೆ.ಜಿ. ಷರತ್ತುಗಳಿಗೆ ಒಳಪಟ್ಟು.
• ಹಾಗಾಗಿ ಫುಟ್‌ಪಾತ್ ಮೇಲೆ ಓಡಿಸಬಹುದು: ತಪ್ಪು.
• 25 ಕಿ.ಮೀ. ವೇಗ ಪಾದಚಾರಿಗಳಿಗೆ ಅಪಾಯವಲ್ಲ: ತಪ್ಪು. ನಿಲ್ಲಲು ಸುಮಾರು 16 ಮೀಟರ್ ಬೇಕು, ಬಿಳಿ ಕೋಲಿಗೆ ತಿಳಿಯುವುದು ಒಂದು ಮೀಟರ್ ಮುಂದಿನದು.
• ಹಾರ್ನ್ ಹೊಡೆದರೆ ಎಲ್ಲರೂ ಸರಿಯುತ್ತಾರೆ: ತಪ್ಪು. ಕೆಲವರಿಗೆ ಕೇಳಿಸದು, ಕೆಲವರಿಗೆ ಸರಿಯಲಾಗದು.
• ವಿದೇಶದಲ್ಲೆಲ್ಲ ಫುಟ್‌ಪಾತ್ ಮೇಲೆ ಓಡಿಸುತ್ತಾರೆ: ತಪ್ಪು. ಸಿಂಗಾಪುರ, ಜರ್ಮನಿ, ಸ್ವೀಡನ್, ಫ್ರಾನ್ಸ್, ಬ್ರಿಟನ್‌ಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಫುಟ್‌ಪಾತ್ ಹತ್ತಿದರೆ ನಮಗೆ ಉಳಿಯುವುದು ಎರಡು ನಿಮಿಷ. ಎದುರಿಗೆ ಬರುವವರು ಕಳೆದುಕೊಳ್ಳುವುದು 'ಇಲ್ಲಿ ನಾನು ಒಬ್ಬಳೇ ನಡೆದುಹೋಗಬಲ್ಲೆ' ಎಂಬ ಧೈರ್ಯವನ್ನು. ಮುಂದಿನ ಬಾರಿ ಸಿಗ್ನಲ್‌ನಲ್ಲಿ ಎಡಕ್ಕೆ ಹ್ಯಾಂಡಲ್ ತಿರುಗಿಸಬೇಕು ಅನಿಸಿದಾಗ ಈ ಲೆಕ್ಕ ನೆನಪಾಗಲಿ.